ರಕ್ಷಾವ್ಯಾಕ್-ಟಿ: ಮೂರು ಬೇಸಿಗೆ ಕಳೆದ ಮೇಲೆ ಬರೆಯುತ್ತಿದ್ದೇನೆ

ಹಸುಗಳಿಗೆ ಹಾಕುವ ಈ ರಕ್ಷಾವ್ಯಾಕ್-ಟಿ ಅನ್ನುವ ಉಣ್ಣೆ ಜ್ವರದ ಲಸಿಕೆ ಬಗ್ಗೆ ಡೇರಿ ಹತ್ತಿರ ಹಾಲು ಹಾಕಲು ನಿಂತಾಗಲೆಲ್ಲ ಯಾರಾದರೂ ಕೇಳುತ್ತಾರೆ. ಹಾಕಿಸಬೇಕಾ, ದುಡ್ಡು ದಂಡವಾ, ಹಾಕಿಸಿದರೆ ಮತ್ತೆ ಉಣ್ಣೆ ಕಡೆ ನೋಡುವುದೇ ಬೇಡವಾ ಅಂತ. ಪ್ರತಿ ಸಲ ಅರ್ಧಂಬರ್ಧ ಹೇಳಿ ಬರುವುದಕ್ಕಿಂತ ಒಮ್ಮೆ ಪೂರ್ತಿ ಬರೆದುಬಿಡೋಣ ಅನ್ನಿಸಿತು. ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತೇನೆ. ಆ ನಾಲ್ಕು ಯಾಕೆ ಅನ್ನುವುದು ಬೇಗ ಹೇಳಿ ಮುಗಿಸಬಹುದು. ಉಳಿದ ಒಂದು ಯಾಕೆ ಇಲ್ಲ ಅನ್ನುವುದಕ್ಕೇ ಜಾಸ್ತಿ ಬರೆಯಬೇಕಾಗಿದೆ. ಅದು ಸರಿಯಾಗಿ ಗೊತ್ತಿಲ್ಲದೆ ಲಸಿಕೆ ಹಾಕಿಸಿದವರು ಆಮೇಲೆ ಲಸಿಕೆಯನ್ನೇ ಬೈಯುತ್ತಾರೆ.

ನಮ್ಮದು ಶ್ರೀನಿವಾಸಪುರ ತಾಲ್ಲೂಕು, ಆಂಧ್ರದ ಗಡಿಗೆ ಹತ್ತಿರ. ಎಂಟು ಹಸು, ಅದರಲ್ಲಿ ಏಳು ಎಚ್‌ಎಫ್ ಕ್ರಾಸ್, ಅಂದರೆ ಹೋಲ್‌ಸ್ಟೀನ್ ಅನ್ನುವ ವಿದೇಶಿ ತಳಿಯ ಮಿಶ್ರಣ. ಒಂದು ಹಳ್ಳಿಕಾರ್ ಹಸು ಮನೆಯಲ್ಲಿ ಹುಟ್ಟಿದ್ದು, ಹಾಲು ಅಷ್ಟಕ್ಕಷ್ಟೆ, ಆದರೂ ಅದನ್ನು ಕೊಡುವ ಮಾತೇ ಇಲ್ಲ. ಕರು ಮತ್ತು ಕಡಸುಗಳು ಬೇರೆ.

ಲಸಿಕೆ ಕತೆ ಶುರುವಾಗಿದ್ದು ಗೌರಿಯಿಂದ. ಗಡಿ ಆಚೆಯಿಂದ ತಂದ ಎರಡನೇ ಸೂಲಿನ ಹಸು. ಬೆಳಿಗ್ಗೆ ಹತ್ತು, ಸಂಜೆ ಏಳು ಲೀಟರ್ ಕೊಡುತ್ತಿತ್ತು. ತಂದು ಇಪ್ಪತ್ತೈದು ದಿನ ಆಗಿರಬಹುದು, ಜೂನ್ ತಿಂಗಳು, ಒಂದು ಸಂಜೆ ಏಳು ಲೀಟರಿನ ಜಾಗದಲ್ಲಿ ಮೂರು ಬಂತು. ಮೈ ಮುಟ್ಟಿದರೆ ಕೆಂಡ. ನೋಡಿದರೆ 106 ಡಿಗ್ರಿ. ಹಿಂಡಿ ಮುಟ್ಟಲಿಲ್ಲ. ಕಣ್ಣಿನಿಂದ ನೀರು, ಸ್ವಲ್ಪ ಕೆಮ್ಮು. ಬಂದವರು ಸಾಮಾನ್ಯ ಜ್ವರ ಅಂತ ಇಂಜೆಕ್ಷನ್ ಕೊಟ್ಟು ಹೋದರು, ಮಾರನೇ ದಿನವೂ ಅದೇ ಕೊಟ್ಟರು. ಮೂರನೇ ದಿನ ಭುಜದ ಮುಂದೆ ಕೈಯಿಟ್ಟರೆ ಕೋಳಿಮೊಟ್ಟೆ ಗಾತ್ರದ ಗಡ್ಡೆ ಸಿಕ್ಕಿತು. ಆ ಗಡ್ಡೆಯನ್ನು ಮೊದಲ ದಿನವೇ ಯಾರಾದರೂ ಮುಟ್ಟಿ ನೋಡಿದ್ದರೆ ಅಂತ ಇವತ್ತಿಗೂ ಅನ್ನಿಸುತ್ತದೆ. ಐದನೇ ದಿನ ಕಣ್ಣಿನ ಒಳರೆಪ್ಪೆ ಕಾಗದದಂತೆ ಬಿಳಿಚಿತು. ಈ ಕಾಯಿಲೆಯ ಔಷಧಿ ಬುಪಾರ್ವಕ್ವೋನ್ ಕೊಡುವ ಹೊತ್ತಿಗೆ ತಡವಾಗಿತ್ತು. ಏಳನೇ ದಿನ ಬೆಳಗಿನ ಜಾವ ಹೋಯಿತು. ಅದರ ಮೂರು ತಿಂಗಳ ಕರು ಪಕ್ಕದಲ್ಲೇ ನಿಂತಿತ್ತು.

ಅದು ಥೈಲೇರಿಯಾ ಅನ್ನುವ ಪರಾವಲಂಬಿ ರೋಗಾಣುವಿನ ಕಾಯಿಲೆ. ಪೂರ್ತಿ ಹೆಸರು ಥೈಲೇರಿಯಾ ಆನ್ಯುಲೇಟಾ. ಹಯಲೋಮ ಅನ್ನುವ ಜಾತಿಯ ಉಣ್ಣೆ ಇದನ್ನು ತರುತ್ತದೆ. ಕಂದುಬಣ್ಣ, ಕಾಲು ಉದ್ದ, ಕೊಟ್ಟಿಗೆ ಗೋಡೆಯ ಸಂದಿಯಲ್ಲಿ ಅಡಗಿರುತ್ತದೆ. ಮಲೆನಾಡಿನವರು ಉಣುಗು ಅನ್ನುತ್ತಾರಲ್ಲ, ಅಲ್ಲಿ ಮಂಗನ ಕಾಯಿಲೆ ತರುವ ಉಣುಗು ಬೇರೆ ಜಾತಿ, ಇದೇ ಬೇರೆ.

ನನ್ನ ತಂಗಿ ಮಗಳು ಪಶುವೈದ್ಯಕೀಯ ಓದಿ ಈಗ ಪರಾವಲಂಬಿಗಳ ಮೇಲೆಯೇ ಮುಂದಿನ ಓದು ಮಾಡುತ್ತಿದ್ದಾಳೆ. ಗೌರಿ ಹೋದ ಮೇಲೆ ಅವಳೇ ಒಂದು ಸಲ ಮೈಕ್ರೋಸ್ಕೋಪ್ ಮುಂದೆ ಕೂರಿಸಿ ತೋರಿಸಿದಳು. ಗಡ್ಡೆಗೆ ಸೂಜಿ ಚುಚ್ಚಿ ತೆಗೆದ ದ್ರವದ ಸ್ಲೈಡ್ ಅದು. ನೇರಳೆ ಬಣ್ಣ ಹಾಕಿದ್ದರು. ಒಂದು ದೊಡ್ಡ ಬಿಳಿ ರಕ್ತಕಣ, ಅದರ ಒಳಗೆ ಸಾಸಿವೆ ಚೆಲ್ಲಿದ ಹಾಗೆ ಚುಕ್ಕಿಗಳು. "ದೊಡ್ಡಮ್ಮ, ಆ ಚುಕ್ಕಿ ಎಲ್ಲಾ ಸೇರಿ ಒಂದು ಪರಾವಲಂಬಿ. ಈ ಕಣ ಎರಡಾಗುವಾಗ ಅದೂ ಜೊತೆಯಲ್ಲೇ ಎರಡಾಗುತ್ತೆ" ಅಂದಳು. ನನಗೆ ಅವತ್ತು ಅರ್ಥವಾಯಿತು. ಈ ರೋಗಾಣು ಹಸುವಿನ ಬಿಳಿ ರಕ್ತಕಣದ ಒಳಗೆ ಸೇರಿ, ಆ ಕಣವನ್ನೇ ಕ್ಯಾನ್ಸರ್ ಗಡ್ಡೆಯ ಕಣದ ಹಾಗೆ ಎಡೆಬಿಡದೆ ಹೆಚ್ಚುವಂತೆ ಮಾಡುತ್ತದೆ. ಕಾಯಿಲೆಯನ್ನು ಓಡಿಸಬೇಕಾದ ಕಣವೇ ಕಾಯಿಲೆಯ ಕಾರ್ಖಾನೆ ಆಗುತ್ತದೆ. ಆಮೇಲೆ ಅಲ್ಲಿಂದ ಹೊರಬಿದ್ದು ಕೆಂಪು ಕಣಕ್ಕೆ ಹೋಗುತ್ತದೆ, ಅಲ್ಲಿ ಸಣ್ಣ ಉಂಗುರದ ಆಕಾರ. ಕೆಂಪು ಕಣ ಒಡೆದು ಹಸು ಬಿಳಿಚಿಕೊಳ್ಳುತ್ತದೆ. ಅಷ್ಟು ಹೊತ್ತಿಗೆ ಇನ್ನೊಂದು ಉಣ್ಣೆ ಬಂದು ಆ ರಕ್ತ ಕುಡಿದು ಮುಂದಕ್ಕೆ ಒಯ್ಯುತ್ತದೆ.

ಈಗ ಲಸಿಕೆ. ರಕ್ಷಾವ್ಯಾಕ್-ಟಿ ನಮ್ಮ ದೇಶದಲ್ಲೇ, ಹೈದರಾಬಾದಿನ ಇಂಡಿಯನ್ ಇಮ್ಯುನಾಲಾಜಿಕಲ್ಸ್‌ನಲ್ಲಿ ತಯಾರಾಗುತ್ತದೆ. ಇದು ಸತ್ತ ರೋಗಾಣುವಿನ ಲಸಿಕೆ ಅಲ್ಲ, ಜೀವಂತ ಲಸಿಕೆ. ನಾನು ಸ್ಲೈಡಿನಲ್ಲಿ ನೋಡಿದೆನಲ್ಲ, ಚುಕ್ಕಿ ತುಂಬಿದ ಬಿಳಿ ಕಣ, ಅಂಥದ್ದನ್ನೇ ಪ್ರಯೋಗಾಲಯದ ಬಾಟಲಿಗಳಲ್ಲಿ ಒಂದರಿಂದ ಇನ್ನೊಂದಕ್ಕೆ, ಅದರಿಂದ ಮತ್ತೊಂದಕ್ಕೆ ಹಾಕಿ ಬಹಳ ಕಾಲ ಬೆಳೆಸುತ್ತಾರೆ. ಹಾಗೆ ಬೆಳೆದು ಬೆಳೆದು ಅದರ ಸೊಕ್ಕು ಇಳಿಯುತ್ತದೆ. ಮೈಯಲ್ಲಿ ಅಲ್ಲಿ ಇಲ್ಲಿ ನುಗ್ಗಿಹೋಗಲು ಆ ಕಣಗಳಿಗೆ ಕೆಲವು ಕಿಣ್ವ ಬೇಕು, ಅವು ಕಡಿಮೆಯಾಗುತ್ತವೆ. ಹಸುವಿನ ಮೈಗೆ ಹೋದರೆ ಮೈ ಅದನ್ನು ಗುರುತು ಹಿಡಿದು ಹೊಡೆಯುವುದನ್ನು ಕಲಿಯುತ್ತದೆ, ಆದರೆ ಕಾಯಿಲೆ ಬೀಳುವುದಿಲ್ಲ. ಇಂಥ ಲಸಿಕೆಯ ಕೆಲಸ ಇಸ್ರೇಲಿನಲ್ಲಿ ಬಹಳ ಹಿಂದೆಯೇ ಆಯಿತು. ನಮ್ಮಲ್ಲಿ ಹರಿಯಾಣದ ಹಿಸ್ಸಾರಿನ ವಿಜ್ಞಾನಿಗಳು 1970ರ ದಶಕದಲ್ಲಿ ಇದರ ಮೇಲೆ ದುಡಿದಿದ್ದಾರೆ.

ಜೀವಂತ ಕಣ ಅಂದ ಮೇಲೆ ಅದನ್ನು ಫ್ರಿಜ್ಜಿನಲ್ಲಿಟ್ಟರೆ ಆಗುವುದಿಲ್ಲ. ಹಸುವಿಗೆ ಗಬ್ಬ ಕಟ್ಟಿಸಲು ಸೆಮೆನ್ ಸ್ಟ್ರಾ ತರುತ್ತಾರಲ್ಲ, ಅದೇ ತರ ದ್ರವ ಸಾರಜನಕದ ಕ್ಯಾನಿನಲ್ಲೇ ಬರಬೇಕು, ಕ್ಯಾನಿನಿಂದ ತೆಗೆದ ಮೇಲೆ ಕಾಯುವಂತಿಲ್ಲ. ಈ ಲಸಿಕೆ ಹಳ್ಳಿಗೆ ತಲುಪದೆ ಇರುವುದಕ್ಕೆ ದೊಡ್ಡ ಕಾರಣ ಇದೇ ಅಂತ ನನ್ನ ಅಭಿಪ್ರಾಯ. ಕಾಲುಬಾಯಿ ಜ್ವರದ ಲಸಿಕೆ ಐಸ್ ಬಾಕ್ಸಿನಲ್ಲಿ ಮನೆಮನೆಗೆ ಬರುತ್ತದೆ. ಇದು ಹಾಗೆ ಬರುವುದಿಲ್ಲ. ನಾವೇ ಹತ್ತು ಹನ್ನೆರಡು ಮನೆಯವರು ಸೇರಿ, ಎಷ್ಟು ಕರು ಅಂತ ಲೆಕ್ಕ ಹಾಕಿ, ಡಾಕ್ಟರ ಹತ್ತಿರ ಮಾತಾಡಿ ತರಿಸಿಕೊಂಡೆವು. ಒಂದು ವಯಲ್‌ನಲ್ಲಿ ಹಲವು ಡೋಸ್ ಇರುತ್ತದೆ, ಒಬ್ಬರ ಮನೆಯ ಒಂದು ಕರುವಿಗಾಗಿ ಒಡೆದರೆ ಉಳಿದಿದ್ದು ಚೆಲ್ಲಬೇಕು.

ಮೊದಲ ಸಲ ಕೆಲಸ ಕೆಟ್ಟಿತು. ತಂದುಕೊಡುವವರು ಹೇಳಿದ ದಿನ ಬಿಟ್ಟು ಮಾರನೇ ದಿನ ಮಧ್ಯಾಹ್ನ ಬಂದರು. ನಮ್ಮ ಡಾಕ್ಟರು ಕ್ಯಾನಿನ ಮುಚ್ಚಳ ತೆಗೆದು ಒಳಗೆ ಒಂದು ಮರದ ಪಟ್ಟಿ ಇಳಿಸಿ, ತೆಗೆದು, ಗಾಳಿಯಲ್ಲಿ ಆಡಿಸಿದರು. ಸಾರಜನಕ ಎಲ್ಲಿಯವರೆಗೆ ಇದೆಯೋ ಅಲ್ಲಿಯವರೆಗೆ ಪಟ್ಟಿಯ ಮೇಲೆ ಬೆಳ್ಳಗೆ ಮಂಜು ಕಟ್ಟುತ್ತದೆ. ನಮ್ಮ ಪಟ್ಟಿಯ ತುದಿಯಲ್ಲಿ ಬೆರಳಿನ ಒಂದು ಗೆಣ್ಣಿನಷ್ಟೂ ಮಂಜಿರಲಿಲ್ಲ. "ಇದು ಬೇಡ ಅಕ್ಕ, ಒಳಗಿರುವ ಕಣ ಸತ್ತಿರುತ್ತೆ. ನೀರು ಚುಚ್ಚಿದ ಹಾಗೆ ಆಗುತ್ತೆ, ನೀವು ಲಸಿಕೆ ಆಗಿದೆ ಅಂತ ಧೈರ್ಯವಾಗಿ ಇದ್ದುಬಿಡ್ತೀರಿ" ಅಂದರು. ವಾಪಸ್ ಕಳಿಸಿದೆವು. ಕರು ಹಿಡಿದುಕೊಂಡು ಬಿಸಿಲಲ್ಲಿ ನಿಂತಿದ್ದವರಿಗೆಲ್ಲ ಬೇಜಾರಾಯಿತು, ಒಂದಿಬ್ಬರು ಮತ್ತೆ ಬರಲೇ ಇಲ್ಲ. ಆದರೆ ಆ ಡಾಕ್ಟರಿಗೆ ನಾನು ಋಣಿ. ಅವರು ಸುಮ್ನೆ ಚುಚ್ಚಿ ಹೋಗಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅದಕ್ಕೇ ಹೇಳುತ್ತೇನೆ, ನೀವು ತರಿಸುವಾಗ ಆ ಮಂಜಿನ ಗೆರೆ ಕಣ್ಣಾರೆ ನೋಡಿ. ಕೇಳುವುದಕ್ಕೆ ಸಂಕೋಚ ಬೇಡ.

ಎರಡನೇ ಸಲ ಬೇರೆ ಕಡೆಯಿಂದ, ಬೆಳಿಗ್ಗೆ ಆರೂವರೆಗೆ ಕ್ಯಾನ್ ಬಂತು. ಜನವರಿ ಕೊನೆ, ಇನ್ನೂ ಚಳಿ ಇತ್ತು. ಸ್ಟೀಲ್ ಚೊಂಬಿನಲ್ಲಿ ಉಗುರುಬೆಚ್ಚಗಿನ ನೀರು ಕೇಳಿದರು, ಥರ್ಮಾಮೀಟರ್ ಅದ್ದಿ ನೋಡಿದರು. ಉದ್ದ ಚಿಮಟದಲ್ಲಿ ವಯಲ್ ಎತ್ತಿದಾಗ ಹೊಗೆ ಬಂದ ಹಾಗೆ ಬಿಳಿ ಆವಿ ಕೆಳಗಿಳಿಯಿತು. ನೀರಿನಲ್ಲಿ ಕರಗಿಸಿ, ಜೊತೆಗೆ ಕೊಟ್ಟ ದ್ರಾವಣಕ್ಕೆ ಬೆರೆಸಿ, ಜೋರಾಗಿ ಕುಲುಕದೆ ಮೆಲ್ಲಗೆ ತಿರುಗಿಸಿದರು. ಒಂದೊಂದಕ್ಕೆ 3 ಎಂಎಲ್, ಕುತ್ತಿಗೆಯ ಚರ್ಮ ಎತ್ತಿ ಅದರಡಿ. ಎರಡು ತಿಂಗಳು ದಾಟಿದ ಕರುಗಳಿಗೆ ಮಾತ್ರ ಹಾಕಿದರು. ಗಬ್ಬದ ಹಸುಗಳಿಗೆ ಹಾಕಲಿಲ್ಲ. ಜ್ವರ ನೋಡಿ, ಸರಿ ಇದ್ದವಕ್ಕೆ ಮಾತ್ರ. ನಮ್ಮ ಮನೆಯಿಂದ ಐದು, ಗೌರಿಯ ಕರುವೂ ಸೇರಿ. ಹಿಂದಿನ ಬೇಸಿಗೆಯಲ್ಲಿ ಅದನ್ನು ಕಾಪಾಡಿಕೊಂಡಿದ್ದು ದಿನಾ ಎರಡು ಹೊತ್ತು ಮೈ ತಡಕಿ ಉಣ್ಣೆ ಕಿತ್ತು. ಒಟ್ಟು ಮುಕ್ಕಾಲು ಗಂಟೆಯಲ್ಲಿ ಮೂವತ್ತು ಚಿಲ್ಲರೆ ಕರು ಮುಗಿಯಿತು. ಎರಡನೇ ವಾರದಲ್ಲಿ ನಮ್ಮ ಎರಡು ಕರುಗಳಿಗೆ ಒಂದು ದಿನ ಮೈ ಬೆಚ್ಚಗಿತ್ತು, ಮೇವು ಬಿಡಲಿಲ್ಲ, ತಾನಾಗೇ ಹೋಯಿತು. ಶಕ್ತಿ ಬರಲು ಕೆಲವು ವಾರ ಬೇಕು, ಅಲ್ಲಿಯವರೆಗೆ ಉಣ್ಣೆ ಹತ್ತದ ಹಾಗೆ ನೋಡಿಕೊಳ್ಳಿ ಅಂದಿದ್ದರು. ಜನವರಿಯಲ್ಲಿ ಹಾಕಿಸಿದ್ದು ಅದಕ್ಕೇ. ಬಿಸಿಲು ಏರಿ ಉಣ್ಣೆ ಹೆಚ್ಚುವ ಮೊದಲೇ ಮೈ ತಯಾರಾಗಿರಬೇಕು, ಅಲ್ವಾ?

ಖರ್ಚು ನನ್ನ ಪಾಲಿಗೆ ಐದು ಕರುವಿಗೂ ಸೇರಿ, ಗೌರಿಗೆ ಕೊಟ್ಟ ಒಂದು ಬುಪಾರ್ವಕ್ವೋನ್ ಬಾಟಲಿಗಿಂತ ಕಡಿಮೆ ಆಯಿತು. ಹಸುವಿನ ಬೆಲೆ ಲೆಕ್ಕಕ್ಕೇ ಹಿಡಿದಿಲ್ಲ.

ಮೂರು ಬೇಸಿಗೆ ಆಯಿತು. ಆ ಐದರಲ್ಲಿ ಒಂದಕ್ಕೂ ಥೈಲೇರಿಯಾ ಕಾಯಿಲೆ ಆಗಿ ಬಿದ್ದಿಲ್ಲ. ಗೌರಿಯ ಮಗಳು ಈಗ ಕರು ಹಾಕಿ ಹದಿನಾಲ್ಕು ಲೀಟರ್ ಕೊಡುತ್ತಿದೆ. ನಾಲ್ಕು ಸ್ಟಾರ್ ಅದಕ್ಕೆ. ಐದು ಹಸುವಿನಿಂದ ವಿಜ್ಞಾನ ಆಗುವುದಿಲ್ಲ ಅಂತ ತಂಗಿ ಮಗಳು ಹೇಳುತ್ತಾಳೆ, ಅದು ಸರಿ. ಆದರೆ ಈ ತರದ ಲಸಿಕೆ ಸಾವು ತಪ್ಪಿಸುತ್ತದೆ ಅನ್ನುವುದು ಎಷ್ಟೋ ದೇಶಗಳಲ್ಲಿ ಕಂಡ ಮಾತು. ನಮ್ಮ ಮನೆಯಲ್ಲಿ ಆಗಿದ್ದೂ ಅದೇ.

ಹೋದ ವರ್ಷ ಅವಳು ತನ್ನ ಕೆಲಸಕ್ಕಾಗಿ ನಮ್ಮ ಎಲ್ಲಾ ಹಸುಗಳ ರಕ್ತ ತೆಗೆದುಕೊಂಡು ಹೋದಳು. ಪಿಸಿಆರ್ ಮಾಡಿದಳು, ರಕ್ತದಲ್ಲಿ ರೋಗಾಣುವಿನ ಜೀನ್ ಇದೆಯಾ ಅಂತ ಹುಡುಕುವ ಪರೀಕ್ಷೆ ಅದು. ಲಸಿಕೆ ಹಾಕಿದ ಐದರಲ್ಲಿ ಮೂರರ ರಕ್ತದಲ್ಲಿ ಥೈಲೇರಿಯಾ ಇದೆ ಅಂತ ಬಂತು. ನನಗೆ ಎದೆ ಧಸಕ್ ಅಂದಿತು. ಹಾಲು ಕಮ್ಮಿ ಆಗಿಲ್ಲ, ಜ್ವರ ಇಲ್ಲ, ಚೆನ್ನಾಗಿ ಮೇಯುತ್ತಿವೆ, ಮತ್ತೆ ಇದೆಲ್ಲಿಂದ ಬಂತು? ಇನ್ನೂ ಒಂದು ವಿಷಯ, ನಮ್ಮ ಹಳ್ಳಿಕಾರ್ ಹಸುವಿನಲ್ಲೂ ಇತ್ತು. ಅದಕ್ಕೆ ಹುಟ್ಟಿದಾಗಿನಿಂದ ಒಂದು ಇಂಜೆಕ್ಷನ್ ಕೊಡಿಸಿದ ನೆನಪಿಲ್ಲ ನನಗೆ.

ಅವಳು ಹೇಳಿದ್ದನ್ನು ನನಗೆ ಅರ್ಥವಾದಷ್ಟು ಬರೆಯುತ್ತೇನೆ.

ಈ ಲಸಿಕೆ ರೋಗಾಣು ಮೈಗೆ ಬರುವುದನ್ನೇ ತಡೆಯುವುದಿಲ್ಲ. ಬಂದರೆ ಸೊಕ್ಕದಂತೆ ನೋಡಿಕೊಳ್ಳುತ್ತದೆ. ಉಣ್ಣೆ ಕಚ್ಚಿದಾಗ ಹೊರಗಿನ ಥೈಲೇರಿಯಾ ಮೈಗೆ ಇಳಿಯುತ್ತದೆ, ಸ್ವಲ್ಪ ಬೆಳೆಯುತ್ತದೆ, ಮೈ ಅದನ್ನು ಹದ್ದಿನಲ್ಲಿಡುತ್ತದೆ. ನಾಟಿ ಹಸುಗಳಿಗೆ ಈ ತಾಳಿಕೆ ಹುಟ್ಟಿನಿಂದಲೇ ಇದೆ. ನಮ್ಮ ಕಡೆಯದೇ ತಳಿಯಾದ ಸಾಹಿವಾಲ್ ಕರುಗಳಿಗೂ ಹೋಲ್‌ಸ್ಟೀನ್ ಕರುಗಳಿಗೂ ಒಂದೇ ರೋಗಾಣು ಕೊಟ್ಟು ನೋಡಿದಾಗ ಸಾಹಿವಾಲ್ ತಾಳಿಕೊಂಡವು ಅಂತ ಸಂಶೋಧನೆಯೇ ಆಗಿದೆ. ಆದರೆ ತಾಳಿಕೊಂಡ ಹಸು ರೋಗಾಣುವನ್ನು ರಕ್ತದಲ್ಲಿ ಇಟ್ಟುಕೊಂಡೇ ಇರುತ್ತದೆ. ಅಂದರೆ ನಮ್ಮ ಕೊಟ್ಟಿಗೆಯಲ್ಲಿ ಉಣ್ಣೆಗೆ ಯಾವಾಗಲೂ ಊಟ ಸಿದ್ಧ.

ಇಲ್ಲಿಂದ ಮುಂದಿನದು ನನಗೆ ತಲೆಯಲ್ಲಿ ಕೂತ ವಿಷಯ. ಥೈಲೇರಿಯಾ ಅಂತ ನಾವು ಒಂದು ಹೆಸರು ಹೇಳುತ್ತೇವೆ, ಆದರೆ ಒಂದು ಊರಿನಲ್ಲಿ, ಅಷ್ಟೇ ಏಕೆ ಒಂದು ಹಸುವಿನ ಒಂದು ತೊಟ್ಟು ರಕ್ತದಲ್ಲಿ ಇರುವುದು ಒಂದೇ ತಳಿ ಅಲ್ಲ. ನಾಲ್ಕಾರು ತರದ್ದು ಒಟ್ಟಿಗೆ ಇರಬಹುದು. ಗ್ಲ್ಯಾಸ್ಗೋದ ವಿಜ್ಞಾನಿಗಳು ಟುನೀಷಿಯಾ ಮತ್ತು ಟರ್ಕಿಯ ಹಸುಗಳಿಂದ ತೆಗೆದ ಥೈಲೇರಿಯಾವನ್ನು ಹತ್ತು ಜೀನ್ ಗುರುತುಗಳಿಂದ ಹೋಲಿಸಿ 2007ರಲ್ಲಿ ಹೇಳಿದ್ದು ಇದನ್ನೇ. ಒಂದು ದೇಶದ್ದು ಇನ್ನೊಂದರ ಹಾಗಿಲ್ಲ, ಒಂದೇ ಜಾಗದಲ್ಲೂ ತರಾವರಿ ಇದೆ. ಉಣ್ಣೆಯ ಹೊಟ್ಟೆಯಲ್ಲಿ ಇವು ಗಂಡು ಹೆಣ್ಣಾಗಿ ಕೂಡುತ್ತವೆ. ಒಂದು ಉಣ್ಣೆ ಎರಡು ತರದ್ದನ್ನು ಒಟ್ಟಿಗೆ ಕುಡಿದರೆ ಅಲ್ಲಿ ಮೂರನೆಯದು ಹುಟ್ಟುತ್ತದೆ. ಪ್ರತಿ ವರ್ಷ, ಪ್ರತಿ ಕೊಟ್ಟಿಗೆಯಲ್ಲಿ ಇದು ನಡೆಯುತ್ತಿರುತ್ತದೆ. ಮೇಲಿಂದ ನಾವು ಸಂತೆಯಿಂದ, ಪಂಜಾಬಿನಿಂದ, ಗಡಿ ಆಚೆಯಿಂದ ಹಸು ತರುತ್ತೇವೆ, ಅದರ ಜೊತೆ ಅಲ್ಲಿನ ತಳಿಯೂ ಬಂದು ಇಲ್ಲಿನದರ ಜೊತೆ ಬೆರೆಯುತ್ತದೆ. ಗೌರಿಯ ಸಾವಿಗೆ ಇದು ಕಾರಣವಾಗಿತ್ತೋ ಅಂತ ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಹೊಸ ಜಾಗ, ಹೊಸ ಉಣ್ಣೆ, ಕರು ಹಾಕಿ ಸೋತ ಮೈ.

ನಮ್ಮ ರಾಗಿ ಹೊಲದ ಅಕ್ಕಡಿ ಸಾಲು ನೆನೆಸಿಕೊಳ್ಳಿ. ಅವರೆ, ತೊಗರಿ, ಹುಚ್ಚೆಳ್ಳು, ಜೋಳ, ಸಾಸಿವೆ ಎಲ್ಲಾ ಬೆರೆತು ನಿಂತಿರುತ್ತದೆ. ಊರಿನ ಥೈಲೇರಿಯಾ ಹಾಗಿದೆ. ಲಸಿಕೆಯಾದರೆ, ಪ್ಯಾಕೆಟ್ಟಿನ ಒಂದೇ ತರದ ಬೀಜದಿಂದ ಬೆಳೆದ ಹೊಲದ ಹಾಗೆ. ಹೈದರಾಬಾದಿನಲ್ಲೇ ಇರುವ ರಾಷ್ಟ್ರೀಯ ಪಶು ಜೈವಿಕ ತಂತ್ರಜ್ಞಾನ ಸಂಸ್ಥೆಯ ವಿಜ್ಞಾನಿಗಳು ನಮ್ಮ ದೇಶದ ಹಸುಗಳಲ್ಲಿ ಸಿಗುವ ಥೈಲೇರಿಯಾವನ್ನೂ ಲಸಿಕೆಯಲ್ಲಿರುವುದನ್ನೂ ಪಕ್ಕಪಕ್ಕ ಇಟ್ಟು ನೋಡಿ 2021ರಲ್ಲಿ ಪ್ರಕಟಿಸಿದರು. ಲಸಿಕೆಯೊಳಗೆ ವೈವಿಧ್ಯ ಕಡಿಮೆ ಅನ್ನುವುದು ಅವರಿಗೆ ಸಿಕ್ಕ ಉತ್ತರ. ತಂಗಿ ಮಗಳು ಇದನ್ನು ಓದಿ ಹೇಳಿದಾಗ ನನ್ನ ಮೊದಲ ಮಾತು, ಹಾಗಾದರೆ ಇದು ಕೆಲಸಕ್ಕೆ ಬಾರದ್ದಾ ಅಂತ. "ಹಾಗಲ್ಲ ದೊಡ್ಡಮ್ಮ, ನಿಮ್ಮ ಕಡಸುಗಳನ್ನೇ ನೋಡಿ" ಅಂದಳು. ತಳಿ ಬೇರೆಯಾದರೂ ಎಲ್ಲದರಲ್ಲೂ ಒಂದೇ ಆಗಿರುವ ಭಾಗಗಳಿವೆ, ಅವನ್ನು ಕಲಿತ ಮೈ ಬೇರೆ ತಳಿಯನ್ನೂ ತಕ್ಕಮಟ್ಟಿಗೆ ಹಿಡಿಯುತ್ತದೆ. ಆದರೆ ತನ್ನದೇ ತಳಿ ಎದುರಾದಾಗ ಹಿಡಿಯುವಷ್ಟು ಗಟ್ಟಿಯಾಗಿ ಬೇರೆ ತಳಿಯನ್ನು ಹಿಡಿಯುವುದಿಲ್ಲ. ಉಣ್ಣೆ ಕಡಿಮೆ ಇದ್ದಾಗ ಅಷ್ಟು ಸಾಕು. ನೂರಾರು ಉಣ್ಣೆ ಒಟ್ಟಿಗೆ ಕಚ್ಚಿ, ತರಾವರಿ ತಳಿ ಒಂದೇ ವಾರದಲ್ಲಿ ಮೈಗೆ ಇಳಿದರೆ ಅದೇ ಶಕ್ತಿ ಸಾಲದೆ ಹೋಗಬಹುದು. ನಾನು ಕಡಿದ ಒಂದು ಸ್ಟಾರ್ ಇಲ್ಲಿದೆ.

ಹಾಗಾದರೆ ಎಲ್ಲಾ ತಳಿಗೂ ಹೊಂದುವ ಹೊಸ ಲಸಿಕೆ ಮಾಡಬಾರದಾ ಅಂತಲೂ ಕೇಳಿದೆ. ಮಾಡಲು ನೋಡಿದ್ದಾರೆ. 2005ರಲ್ಲೇ ಥೈಲೇರಿಯಾ ಆನ್ಯುಲೇಟಾದ ಪೂರ್ತಿ ಜೀನೋಮ್ ಓದಿ ಮುಗಿಸಿದ್ದಾರೆ, ನಾಲ್ಕೇ ಕ್ರೋಮೋಸೋಮ್. ಅದರ ಮೈಮೇಲಿನ ಒಂದು ಪ್ರೋಟೀನು, ಟ್ಯಾಮ್ಸ್-1 ಅಂತ ಹೆಸರು, ಅದನ್ನೇ ಹಿಡಿದು ಲಸಿಕೆ ಮಾಡಿ ನೋಡಿದರು. ಅರ್ಧಂಬರ್ಧ ರಕ್ಷಣೆ ಸಿಕ್ಕಿತು. ತೊಂದರೆ ಏನೆಂದರೆ ಆ ಪ್ರೋಟೀನೇ ತಳಿಯಿಂದ ತಳಿಗೆ ಬದಲಾಗುತ್ತದೆ. ಹಸುವಿನ ಮೈ ಯಾವ ಭಾಗವನ್ನು ಚೆನ್ನಾಗಿ ಗುರುತು ಹಿಡಿಯುತ್ತದೋ ಆ ಭಾಗವೇ ಬೇಗ ವೇಷ ಬದಲಿಸುತ್ತದೆ. ಬದಲಿಸದ ಭಾಗ ಹುಡುಕಬೇಕು, ಅದು ಮೈಗೆ ಕಾಣುವಂತೆಯೂ ಇರಬೇಕು. ಕಷ್ಟದ ಕೆಲಸ. ಮಾಡುತ್ತಿರುವವರ ಮೇಲೆ ನನಗೆ ಗೌರವ ಇದೆ.

ಪೂರ್ವ ಆಫ್ರಿಕಾದವರು ಬೇರೆ ದಾರಿ ಹಿಡಿದಿದ್ದಾರೆ, ಅದು ನನಗೆ ಬಹಳ ಹಿಡಿಸಿತು. ಅಲ್ಲಿ ಇದರದೇ ಅಣ್ಣತಮ್ಮ, ಥೈಲೇರಿಯಾ ಪಾರ್ವಾ. ಕೆನ್ಯಾ, ತಾಂಜಾನಿಯಾದಲ್ಲಿ ಹಸುಗಳನ್ನು ಹಿಂಡುಹಿಂಡಾಗಿ ಕೊಲ್ಲುತ್ತದೆ. ಕೆನ್ಯಾದ ಮುಗುಗಾ ಅನ್ನುವ ಜಾಗದಲ್ಲಿ 1970ರ ದಶಕದಲ್ಲಿ ಒಂದು ಲಸಿಕೆ ಮಾಡಿದರು, ಮುಗುಗಾ ಕಾಕ್‌ಟೇಲ್ ಅನ್ನುತ್ತಾರೆ. ಒಂದೇ ತಳಿ ಸಾಲದು ಅಂತ ಗೊತ್ತಾಗಿ ಮೂರು ತಳಿ ಬೆರೆಸಿದ್ದಾರೆ. ಸೊಕ್ಕು ಇಳಿಸಿದ್ದೂ ಅಲ್ಲ, ಉಣ್ಣೆಯಿಂದಲೇ ತೆಗೆದ ಜೀವಂತ ರೋಗಾಣು. ಅದನ್ನು ಚುಚ್ಚುವಾಗಲೇ ಇನ್ನೊಂದು ಕಡೆ ನಿಧಾನವಾಗಿ ಬಹಳ ಹೊತ್ತು ಕೆಲಸ ಮಾಡುವ ಆಕ್ಸಿಟೆಟ್ರಾಸೈಕ್ಲಿನ್ ಅನ್ನುವ ಆಂಟಿಬಯಾಟಿಕ್ ಕೊಡುತ್ತಾರೆ. ಕಾಯಿಲೆ ಬಿಡುವುದು, ಔಷಧಿಯಿಂದ ಹಿಡಿದು ನಿಲ್ಲಿಸುವುದು, ಎರಡೂ ಒಂದೇ ಹೊತ್ತಿಗೆ. ಒಂದು ಸಲ ಕೊಟ್ಟರೆ ಬಹಳ ವರ್ಷ ಇರುತ್ತದೆ. ಆದರೆ ಅಲ್ಲೂ ಕಾಡೆಮ್ಮೆಗಳ ಪಕ್ಕದಲ್ಲಿ ಮೇಯುವ ಹಸುಗಳಿಗೆ ಅದು ಅಷ್ಟು ನಿಲ್ಲುವುದಿಲ್ಲ, ಆ ಎಮ್ಮೆಗಳಲ್ಲಿ ಇರುವ ತಳಿಗಳೇ ಬೇರೆ, ಬಗೆಯೂ ಜಾಸ್ತಿ. ಲಸಿಕೆ ಪಡೆದ ಹಸು ರೋಗಾಣುವನ್ನು ಹೊತ್ತು ತಿರುಗುವುದೂ ಉಂಟು. ನಮ್ಮ ಲಸಿಕೆಯ ಒಂದು ಒಳ್ಳೆಯ ಗುಣ ಇಲ್ಲಿ ಹೇಳಬೇಕು. ಹೀಗೆ ಸೊಕ್ಕು ಇಳಿಸಿದ ತಳಿಗಳು ಸಾಮಾನ್ಯವಾಗಿ ಕೆಂಪು ಕಣದವರೆಗೆ ಹೋಗುವ ಶಕ್ತಿಯನ್ನೇ ಕಳೆದುಕೊಂಡಿರುತ್ತವೆ. ಹಾಗಾಗಿ ಲಸಿಕೆಯ ತಳಿ ಉಣ್ಣೆಗೆ ಹತ್ತಿ ಊರಲ್ಲಿ ಹರಡುವ ಭಯ ಕಡಿಮೆ.

ಇನ್ನೊಂದು ತಪ್ಪು ತಿಳಿವಳಿಕೆ. ಉಣ್ಣೆಯಿಂದ ಬರುವ ಜ್ವರಕ್ಕೆಲ್ಲ ಇದೇ ಲಸಿಕೆ ಅಂತ ಕೆಲವರು ಅಂದುಕೊಂಡಿದ್ದಾರೆ. ಅಲ್ಲ. ಕೆಂಪು ಮೂತ್ರ ಬರುತ್ತದಲ್ಲ, ಅದು ಬೆಬಿಸಿಯಾ, ಬೇರೆ ರೋಗಾಣು, ತರುವ ಉಣ್ಣೆಯೂ ಬೇರೆ. ಆಸ್ಟ್ರೇಲಿಯಾದಲ್ಲಿ ಅದಕ್ಕೆ ಲಸಿಕೆ ಇದೆ, ಅಲ್ಲೂ ಹಳೇ ತಳಿ ಸರಿಯಾಗಿ ಕೆಲಸ ಮಾಡದೆ ತಳಿ ಬದಲಿಸಬೇಕಾಗಿ ಬಂದಿತ್ತು. ಇನ್ನೊಂದು ಥೈಲೇರಿಯಾ ಓರಿಯೆಂಟಾಲಿಸ್. ಇದನ್ನು ಬಹಳ ಕಾಲ ಬಡಪಾಯಿ ಅಂತಲೇ ತಿಳಿದಿದ್ದರು. ಕೇರಳದಲ್ಲಿ ದೊಡ್ಡ ಕ್ರಾಸ್ ಹಸುಗಳನ್ನೇ ಕೊಂದಿದೆ ಅಂತ 2011ರಲ್ಲಿ ವರದಿಯಾಯಿತು. ಇದರಲ್ಲೂ ಹನ್ನೊಂದು ಬಗೆ ಗುರುತಿಸಿದ್ದಾರೆ, ಕೆಲವು ಸಾಧು, ಕೆಲವು ಕೊಲ್ಲುವಂಥವು. ರಕ್ಷಾವ್ಯಾಕ್-ಟಿ ಹಾಕಿಸಿದ ಹಸುವಿಗೂ ಇವು ಬರಬಹುದು. ಹಾಗಾಗಿ ಜ್ವರ ಬಂದರೆ ಲಸಿಕೆ ಆಗಿದೆಯಲ್ಲ ಅಂತ ಕೂರಬೇಡಿ. ಭುಜದ ಮುಂದಿನ ಗಡ್ಡೆ ಮುಟ್ಟಿ ನೋಡಿ, ಅವತ್ತೇ ಸ್ಲೈಡ್ ಮಾಡಿಸಿ. ಕಿವಿಯ ತುದಿಯ ಒಂದು ತೊಟ್ಟು ರಕ್ತ ಸಾಕು, ಗಡ್ಡೆ ಊದಿದ್ದರೆ ಅದರಿಂದಲೂ ತೆಗೆಸಿ.

ಬುಪಾರ್ವಕ್ವೋನ್ ಬಗ್ಗೆಯೂ ಎರಡು ಮಾತು. ಬೇಗ ಕೊಟ್ಟರೆ ಜೀವ ಉಳಿಸುವ ಔಷಧಿ ಅದು. ತೂಕದ 20 ಕೆಜಿಗೆ 1 ಎಂಎಲ್ ಲೆಕ್ಕ, 400 ಕೆಜಿ ಹಸುವಿಗೆ 20 ಎಂಎಲ್ ಬೇಕು. ದುಬಾರಿ ಅಂತ ಹತ್ತು ಎಂಎಲ್ ಕೊಟ್ಟು ಮುಗಿಸುವುದನ್ನು ನಾನು ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ, ಮಾಡಿಸಬೇಡಿ. ಟುನೀಷಿಯಾ, ಇರಾನ್, ಟರ್ಕಿ, ಸುಡಾನ್‌ಗಳಲ್ಲಿ ಈ ಔಷಧಿಗೆ ಬಗ್ಗದ ಥೈಲೇರಿಯಾ ಸಿಕ್ಕಿದೆ, ಅದರ ಸೈಟೋಕ್ರೋಮ್-ಬಿ ಅನ್ನುವ ಜೀನಿನಲ್ಲಿ ಬದಲಾವಣೆ ಆಗಿದೆ. ಅಕ್ಕಡಿ ಸಾಲಿನ ಮಾತು ಇಲ್ಲಿಗೂ ಬರುತ್ತದೆ. ತರಾವರಿ ತಳಿ ಇರುವ ಕಡೆ ಅರ್ಧ ಔಷಧಿ ಹಾಕಿದರೆ ಮೆತ್ತಗಿನವು ಸಾಯುತ್ತವೆ, ಗಟ್ಟಿಯವು ಉಳಿದುಕೊಂಡು ಉಣ್ಣೆಯ ಹೊಟ್ಟೆಯಲ್ಲಿ ಮತ್ತೆ ಬೆರೆಯುತ್ತವೆ. ಔಷಧಿಯೂ ಕೈಬಿಟ್ಟರೆ ಲಸಿಕೆಯ ಮೇಲೆ ಎಲ್ಲಾ ಭಾರ ಬೀಳುತ್ತದೆ.

ಲಸಿಕೆ ಹಾಕಿಸಿದ ಮೇಲೆ ನಾನು ಮಾಡಿದ ಒಂದೇ ದೊಡ್ಡ ಕೆಲಸ ಕೊಟ್ಟಿಗೆ ಗೋಡೆಗೆ ಗಾರೆ ಮಾಡಿಸಿದ್ದು. ಮಣ್ಣು ಕಲ್ಲಿನ ಹಳೇ ಗೋಡೆ, ಸಂದಿಗೆ ಕಡ್ಡಿ ಹಾಕಿ ಕೆದಕಿದರೆ ಗೋದಿಕಾಳಿನಷ್ಟು ಉಣ್ಣೆಗಳು ಸಾಲಾಗಿ ಉದುರುತ್ತಿದ್ದವು. ಹಯಲೋಮ ಉಣ್ಣೆ ಮರಿಯಾಗಿ ಹಸುವಿನ ಮೇಲೆ ರಕ್ತ ಕುಡಿದು, ಬಿದ್ದು, ಗೋಡೆ ಸಂದಿಯಲ್ಲಿ ಪೊರೆ ಕಳಚಿ ದೊಡ್ಡದಾಗಿ ಮತ್ತೆ ಹಸುವಿಗೆ ಏರುತ್ತದೆ. ಮರಿಯಾಗಿದ್ದಾಗ ಕುಡಿದ ರೋಗಾಣುವನ್ನು ದೊಡ್ಡದಾದ ಮೇಲೆ ಇಳಿಸುತ್ತದೆ. ಸಂದಿ ಇಲ್ಲದಿದ್ದರೆ ಆ ಸುತ್ತು ಮುರಿಯುತ್ತದೆ. ಟುನೀಷಿಯಾದಲ್ಲಿ ಲಸಿಕೆ, ಉಣ್ಣೆ ಔಷಧಿ, ಗೋಡೆ ಗಾರೆ ಮೂರನ್ನೂ ಲೆಕ್ಕ ಹಾಕಿ ಹೋಲಿಸಿದ ಸಂಶೋಧಕರು ಗಾರೆಗೆ ಒಳ್ಳೆಯ ಅಂಕ ಕೊಟ್ಟಿದ್ದಾರೆ. ಕಚ್ಚಿದ ತಕ್ಷಣ ರೋಗಾಣು ಇಳಿಯುವುದಿಲ್ಲ, ಉಣ್ಣೆಯ ಎಂಜಲಿನ ಗ್ರಂಥಿಯಲ್ಲಿ ಅದು ಹಣ್ಣಾಗಲು ಎರಡು ಮೂರು ದಿನ ಬೇಕು. ದಿನಾ ಹಾಲು ಕರೆಯುವಾಗ ಕೆಚ್ಚಲ ಹಿಂದೆ, ತೊಡೆಸಂದಿ, ಕಿವಿಯೊಳಗೆ ಕೈಯಾಡಿಸಿ ಕಿತ್ತರೆ ಅಪಾಯ ಕಡಿಮೆಯಾಗುತ್ತದೆ. ಕಿತ್ತಿದ್ದನ್ನು ಕಾಲಲ್ಲಿ ಹೊಸಕದೆ ಸೀಮೆಎಣ್ಣೆ ಡಬ್ಬಿಗೆ ಹಾಕಿ.

ನಮ್ಮ ಗುಂಪಿನವರು ಬರುವ ಜನವರಿಗೆ ಮತ್ತೆ ಕ್ಯಾನ್ ತರಿಸುತ್ತಿದ್ದೇವೆ. ಗೌರಿಯ ಮೊಮ್ಮಗಳಿಗೆ ಈಗ ಆರು ವಾರ, ಅಷ್ಟು ಹೊತ್ತಿಗೆ ಎರಡು ತಿಂಗಳು ದಾಟಿರುತ್ತದೆ. ಶ್ರೀನಿವಾಸಪುರ, ಚಿಂತಾಮಣಿ ಕಡೆಯವರು ಸೇರುವುದಾದರೆ ಕೆಳಗೆ ಬರೆಯಿರಿ, ಕರು ಎಷ್ಟು, ವಯಸ್ಸೆಷ್ಟು, ಕಡಸು ಗಬ್ಬ ಕಟ್ಟಿದೆಯೋ ಇಲ್ಲವೋ ಇಷ್ಟು ತಿಳಿಸಿದರೆ ಸಾಕು. ಬೆಳಿಗ್ಗೆ ಆರಕ್ಕೇ ಕರು ಹಿಡಿದುಕೊಂಡು ಬರಬೇಕು, ಕ್ಯಾನ್ ಕಾಯುವುದಿಲ್ಲ.